ಮೊಬೈಲ್ ಪಾಠ: ಪಾಡ್‌ಕಾಸ್ಟ್ ಕೇಳೋದು ಎಲ್ಲಿಂದ ಶುರು ಮಾಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಪಾಡ್‌ಕಾಸ್ಟ್ ಬಗ್ಗೆಯೇ ಜಾಸ್ತಿ ಪ್ರಶ್ನೆಗಳಿವೆ. ಕಲಬುರಗಿಯಲ್ಲಿ ನಾನು ಹಿರಿಯರಿಗೆ ಮೊಬೈಲ್ ಹೇಳಿಕೊಡುವ ಕ್ಲಾಸಿನಲ್ಲೂ ಇದೇ ಮಾತು. ಹಾಗಾಗಿ ಉಳಿದ ವಿಷಯಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕಷ್ಟೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲೆ ಶಿಕ್ಷಕಿ. ಕಣ್ಣಿನ ಪೊರೆ ಆಪರೇಷನ್ ಆದಮೇಲೆ ಜಾಸ್ತಿ ಹೊತ್ತು ಓದಲು ಆಗುತ್ತಿಲ್ಲ. ಮಗಳು ಫೋನ್ ಮಾಡಿದಾಗೆಲ್ಲ "ಪಾಡ್‌ಕಾಸ್ಟ್ ಕೇಳವ್ವ, ಹೊತ್ತು ಹೋಗ್ತದ" ಅನ್ನುತ್ತಾಳೆ. ಯೂಟ್ಯೂಬ್ ಹಚ್ಚಿದರೆ ಪರದೆ ಆರಿದ ಕೂಡಲೇ ಮಾತೂ ನಿಲ್ಲುತ್ತದೆ. ಸಬ್‌ಸ್ಕ್ರೈಬ್ ಮಾಡು ಅಂತಾಳೆ, ಅದಕ್ಕೆ ದುಡ್ಡು ಕಟ್ಟಬೇಕಾ? ಯಾವ ಆ್ಯಪ್ ಹಾಕಿಕೊಳ್ಳಲಿ, ಏನು ಕೇಳಲಿ? (ಓದುಗರು, ಸುರಪುರ, ಯಾದಗಿರಿ ಜಿಲ್ಲೆ)

ಉತ್ತರ: ಅಕ್ಕೋರೆ, ಮೊದಲು ದುಡ್ಡಿನ ಮಾತು ಮುಗಿಸೋಣ. ಸಬ್‌ಸ್ಕ್ರೈಬ್ ಮಾಡಲು ದುಡ್ಡು ಬೇಡ. ಈ ಹೆದರಿಕೆ ನಿಮಗೊಬ್ಬರಿಗೇ ಇರುವುದಲ್ಲ. ಆ ಬಟನ್ ಕಂಡರೆ ದುಡ್ಡು ಕಟ್ಟಬೇಕೇನೋ ಅಂತ ಬಹಳ ಜನ ಹಿಂದೆ ಸರಿಯುತ್ತಾರೆ. ಆ್ಯಪಲ್‌ನವರು ತಮ್ಮ ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ 2021ರಿಂದ ಅದೇ ಬಟನ್‌ಗೆ 'ಫಾಲೋ' ಅಂತ ಹೆಸರಿಟ್ಟಿದ್ದಾರೆ. ಹಾಡು, ಪಾಡ್‌ಕಾಸ್ಟ್ ಎರಡೂ ಕೇಳಿಸುವ ಸ್ಪಾಟಿಫೈ ಆ್ಯಪ್‌ನಲ್ಲೂ ಫಾಲೋ ಅಂತಲೇ ಇದೆ. ಕೆಲವು ಕಾರ್ಯಕ್ರಮಗಳಲ್ಲಿ ದುಡ್ಡು ಕೊಟ್ಟವರಿಗಷ್ಟೇ ಸಿಗುವ ಎಪಿಸೋಡ್‌ಗಳು ಇರುತ್ತವೆ, ಅಲ್ಲಿ ಬೆಲೆ ಕಾಣಿಸುತ್ತದೆ. ಕಾರ್ಡ್ ನಂಬರ್ ಕೇಳುವ ಪುಟ ಬಂದರೆ ಸುಮ್ನೆ ಹಿಂದಕ್ಕೆ ಬನ್ನಿ. ಉಚಿತವಾಗಿ ಕೇಳಲು ಬೇಕಾದಷ್ಟಿದೆ.

ಪಾಡ್‌ಕಾಸ್ಟ್ ಅಂದರೆ ಕಂತುಕಂತಾಗಿ ಬರುವ ಮಾತಿನ ಕಾರ್ಯಕ್ರಮ. ರೇಡಿಯೊ ಹಾಗೆ ಇಷ್ಟು ಗಂಟೆಗೇ ಕೇಳಬೇಕು ಅಂತಿಲ್ಲ. ಪ್ರತಿ ಕಾರ್ಯಕ್ರಮಕ್ಕೂ ಇಂಟರ್ನೆಟ್‌ನಲ್ಲಿ ಒಂದು ಪಟ್ಟಿ ಇರುತ್ತದೆ, ಅದಕ್ಕೆ ಆರ್‌ಎಸ್‌ಎಸ್ ಫೀಡ್ ಅನ್ನುತ್ತಾರೆ. ನಿಮ್ಮ ಶಾಲೆಯ ಹಾಜರಿ ಪುಸ್ತಕದ ಹಾಗೆ ಅಂದುಕೊಳ್ಳಿ. ಹೊಸ ಎಪಿಸೋಡ್ ಬಂದಾಗ ಅದರ ಹೆಸರು, ತಾರೀಖು, ಆಡಿಯೊ ಇರುವ ಜಾಗ ಎಲ್ಲ ಆ ಪಟ್ಟಿಗೆ ಸೇರುತ್ತದೆ. ನೀವು ಸಬ್‌ಸ್ಕ್ರೈಬ್ ಮಾಡಿದರೆ ನಿಮ್ಮ ಫೋನಿನ ಆ್ಯಪ್ ಆಗಾಗ ಹೋಗಿ ಆ ಪಟ್ಟಿ ನೋಡುತ್ತದೆ. ಹೊಸ ಹೆಸರು ಕಂಡರೆ ನಿಮ್ಮ ಮುಂದೆ ತಂದಿಡುತ್ತದೆ, ಅಷ್ಟೇ. ನಿಮ್ಮ ಹೆಸರಾಗಲಿ ಮೊಬೈಲ್ ನಂಬರ್ ಆಗಲಿ ಕಾರ್ಯಕ್ರಮ ಮಾಡುವವರ ಕೈಗೆ ಹೋಗುವುದಿಲ್ಲ. ಈ ವ್ಯವಸ್ಥೆ ಹಳೆಯದು. 2005ರಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿದಾಗಲೂ ಹೀಗೇ ನಡೆಯುತ್ತಿತ್ತು.

ಇನ್ನು ಆ್ಯಪ್. ನಿಮ್ಮದು ಆಂಡ್ರಾಯ್ಡ್ ಫೋನ್ ಇರಬೇಕು ಅಂದುಕೊಳ್ಳುತ್ತೇನೆ. ನಮ್ಮ ಕ್ಲಾಸಿನಲ್ಲಿ ನಾನು ಎಲ್ಲರಿಗೂ ಹಾಕಿಕೊಡುವುದು ಆಂಟೆನಾಪಾಡ್. ಉಚಿತ, ಜಾಹೀರಾತು ಇಲ್ಲ, ಲಾಗಿನ್ ಇಲ್ಲ, ಓಟಿಪಿ ಇಲ್ಲ. ಹಿರಿಯರು ಅರ್ಧಕ್ಕೇ ಬಿಟ್ಟುಬಿಡುವುದು ಈ ಓಟಿಪಿ, ಪಾಸ್‌ವರ್ಡ್ ಕಾಟಕ್ಕೆ, ಅಲ್ವಾ? ಅದಕ್ಕೇ ನನಗೆ ಈ ಆ್ಯಪ್ ಮೇಲೆ ಪ್ರೀತಿ. ಐಫೋನ್ ಇದ್ದವರಿಗೆ ನೇರಳೆ ಬಣ್ಣದ ಪಾಡ್‌ಕಾಸ್ಟ್ಸ್ ಆ್ಯಪ್ ಫೋನ್ ಜೊತೆಗೇ ಬರುತ್ತದೆ, ಬೇರೆ ಹುಡುಕಬೇಕಿಲ್ಲ.

ಪ್ಲೇ ಸ್ಟೋರ್ ತೆರೆದು ಮೈಕ್ ಗುರುತು ಒತ್ತಿ "ಆಂಟೆನಾಪಾಡ್" ಅಂತ ಬಾಯಲ್ಲೇ ಹೇಳಿ. ಆ್ಯಪ್ ಹಾಕಿಕೊಂಡು ತೆರೆದಮೇಲೆ 'ಆ್ಯಡ್ ಪಾಡ್‌ಕಾಸ್ಟ್' ಅನ್ನುವಲ್ಲಿಗೆ ಹೋಗಿ. ಹುಡುಕುವ ಜಾಗದಲ್ಲಿ ಒಮ್ಮೆ ಕನ್ನಡ ಅಕ್ಷರದಲ್ಲಿ "ಕನ್ನಡ" ಅಂತ ಬರೆಯಿರಿ, ಇನ್ನೊಮ್ಮೆ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಎರಡಕ್ಕೂ ಬೇರೆ ಬೇರೆ ಕಾರ್ಯಕ್ರಮ ಬರುತ್ತವೆ. ಎಷ್ಟೋ ಕನ್ನಡ ಕಾರ್ಯಕ್ರಮಗಳು ತಮ್ಮ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಷ್ಟೇ ಬರೆದುಕೊಂಡಿವೆ, ಅದಕ್ಕೆ ಹೀಗೆ. ಒಂದರ ಚಿತ್ರದ ಮೇಲೆ ಒತ್ತಿದರೆ ಎಪಿಸೋಡ್‌ಗಳು ಸಾಲಾಗಿ ಕಾಣಿಸುತ್ತವೆ. ಸಬ್‌ಸ್ಕ್ರೈಬ್ ಮಾಡುವ ಮೊದಲು ಒಂದು ಎಪಿಸೋಡ್ ಹತ್ತು ನಿಮಿಷ ಕೇಳಿ. ದನಿ ಸ್ಪಷ್ಟ ಇದೆಯಾ, ಮಾತಾಡುವವರು ನಿಮಗೆ ಹಿಡಿಸಿದರಾ ಅಂತ ನೋಡಿ. ಮೇಲಿನ ಎಪಿಸೋಡ್‌ನ ತಾರೀಖೂ ನೋಡಿ. ಜೋರಾಗಿ ಶುರುವಾಗಿ ಕೆಲವೇ ತಿಂಗಳಲ್ಲಿ ನಿಂತುಹೋದ ಕಾರ್ಯಕ್ರಮಗಳು ಬಹಳ. ನಿಂತಿದ್ದರೂ ಹಳೆಯದನ್ನು ಕೇಳಬಹುದು, ಹೊಸದಕ್ಕೆ ಕಾಯುವುದು ಬೇಡ.

ಏನು ಕೇಳಲಿ ಅಂದಿರಿ. ಶುರುವಿಗೆ 'ತಲೆ-ಹರಟೆ ಕನ್ನಡ ಪಾಡ್‌ಕಾಸ್ಟ್' ಹುಡುಕಿ. ಒಂದು ವಿಷಯ ಬಲ್ಲವರನ್ನು ಕೂರಿಸಿಕೊಂಡು ನಿಧಾನವಾಗಿ ಮಾತಾಡಿಸುತ್ತಾರೆ. ಹಳೆಯ ಎಪಿಸೋಡ್‌ಗಳೂ ಬೇಕಾದಷ್ಟಿವೆ. ನಿಮಗೆ ಬೇಕಾದ ವಿಷಯದ ಒಂದನ್ನು ಆರಿಸಿಕೊಳ್ಳಿ, ಮೊದಲ ಎಪಿಸೋಡ್‌ನಿಂದಲೇ ಕೇಳುತ್ತ ಬರಬೇಕು ಅಂತಿಲ್ಲ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮಾತಿನ ಧಾಟಿಯಲ್ಲೇ ಕೇಳಬೇಕು ಅಂತ ನನಗೂ ಆಸೆ. ಹುಡುಕಿದಾಗ ಅಂಥವು ಕಡಿಮೆಯೇ ಸಿಕ್ಕವು. ನಮ್ಮ ತತ್ವಪದಗಳು, ಹಂತಿ ಪದಗಳು, ಅಜ್ಜಿ ಹೇಳುವ ಕತೆಗಳು ಇವೆಲ್ಲ ಕಿವಿಯಿಂದ ಕಿವಿಗೆ ಬಂದಂಥವು. ಪಾಡ್‌ಕಾಸ್ಟ್‌ಗೆ ಇದಕ್ಕಿಂತ ಒಳ್ಳೆಯ ಸರಕು ಬೇಕಾ? ಯಾರಾದರೂ ಮನಸ್ಸಿಟ್ಟು ಮಾಡಲಿ ಅಂತ ನಿಜಕ್ಕೂ ಕಾಯುತ್ತಿದ್ದೇನೆ. ಸದ್ಯಕ್ಕೆ ನಮ್ಮ ಕಡೆ ದನಿ ಬೇಕೆನಿಸಿದರೆ ಆಕಾಶವಾಣಿ ಕಲಬುರಗಿ ಇದ್ದೇ ಇದೆ. ರೇಡಿಯೊ ಮನೆಯಲ್ಲಿಲ್ಲದಿದ್ದರೆ ನ್ಯೂಸ್ ಆನ್ ಏರ್ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ಆಕಾಶವಾಣಿ ಕೇಂದ್ರಗಳು ನೇರವಾಗಿ ಕೇಳಿಸುತ್ತವೆ. ಅದು ಪಾಡ್‌ಕಾಸ್ಟ್ ಅಲ್ಲ, ಬರುವ ಹೊತ್ತಿಗೇ ಕೇಳಬೇಕು.

ಒಂದೇ ದಿನ ಹತ್ತು ಕಾರ್ಯಕ್ರಮಕ್ಕೆ ಸಬ್‌ಸ್ಕ್ರೈಬ್ ಮಾಡಬೇಡಿ. ಒಂದು ಸಾಕು, ಎರಡು ಜಾಸ್ತಿ. ಕೇಳದೆ ಉಳಿದ ಎಪಿಸೋಡ್‌ಗಳ ಸಾಲು ಬೆಳೆದರೆ ಆ್ಯಪ್ ತೆರೆಯಲೇ ಬೇಜಾರಾಗುತ್ತದೆ. ದಿನದಲ್ಲಿ ಒಂದು ಕೆಲಸ ಗೊತ್ತು ಮಾಡಿಕೊಳ್ಳಿ, ಆ ಕೆಲಸದ ಜೊತೆ ಕೇಳಿ. ನಮ್ಮ ಮನೆಯಲ್ಲಿ ಅದು ರೊಟ್ಟಿಯ ಹೊತ್ತು. ಹಿಟ್ಟು ನಾದುವ ಮೊದಲೇ ಎರಡು ಎಪಿಸೋಡ್ 'ಕ್ಯೂ'ಗೆ ಹಾಕಿಡುತ್ತೇನೆ. ಒಂದು ಮುಗಿದರೆ ಇನ್ನೊಂದು ತಾನೇ ಶುರುವಾಗುತ್ತದೆ, ಹಿಟ್ಟಿನ ಕೈಯಲ್ಲಿ ಫೋನ್ ಮುಟ್ಟಬೇಕಿಲ್ಲ. ರೊಟ್ಟಿ ಬಡಿಯುವ ಸದ್ದಿಗೆ ಫೋನಿನ ಸ್ಪೀಕರ್ ಏನೇನೂ ಸಾಲದು, ಮಾತಿನ ಕೊನೆಯಕ್ಷರ ನುಂಗಿಹೋಗುತ್ತದೆ. ಫೋನ್ ಎಷ್ಟು ಹತ್ತಿರ ಇಟ್ಟರೂ ಅಷ್ಟೇ, ಜೊತೆಗೆ ಒಲೆಯ ಕಾವು ಬೇರೆ. ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ತಂದು, ಒಲೆಯಿಂದ ದೂರ, ಕಿವಿಯ ಎತ್ತರಕ್ಕೆ ಬರುವ ಗೂಡಿನಲ್ಲಿಟ್ಟೆ. ಕೆಳಗೆ ಕಟ್ಟೆಯ ಮೇಲೆ ಇಡುವುದಕ್ಕೂ ಕಿವಿಯ ಎತ್ತರಕ್ಕೆ ಇಡುವುದಕ್ಕೂ ಬಹಳ ವ್ಯತ್ಯಾಸ. ಬಡಿಯುವ ಸದ್ದು ಕೆಳಗುಳಿಯುತ್ತದೆ, ಮಾತು ನೇರವಾಗಿ ಕಿವಿಗೆ ಬೀಳುತ್ತದೆ.

ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ಪರದೆ ಆರಿದರೂ ಮಾತು ನಡೆಯುತ್ತಲೇ ಇರುತ್ತದೆ, ನಿಮ್ಮ ಕಣ್ಣಿಗೆ ಇದೇ ದೊಡ್ಡ ಅನುಕೂಲ. ಆದರೆ ಕೆಲವು ಫೋನುಗಳು ಬ್ಯಾಟರಿ ಉಳಿಸಲು ಹೋಗಿ ಹಿಂದೆ ನಡೆಯುತ್ತಿರುವ ಆ್ಯಪನ್ನು ತಾವೇ ಮುಚ್ಚಿಬಿಡುತ್ತವೆ. ಮಾತು ನಡುವೆ ಕಡಿದುಹೋದರೆ ಆ್ಯಪ್ ಕೆಟ್ಟಿದೆ ಅಂದುಕೊಳ್ಳಬೇಡಿ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್ ಪಟ್ಟಿಯಲ್ಲಿ ಆಂಟೆನಾಪಾಡ್ ಒತ್ತಿ, ಬ್ಯಾಟರಿ ಅನ್ನುವಲ್ಲಿ ನಿರ್ಬಂಧ ತೆಗೆಯಿರಿ. ನಮ್ಮ ಕ್ಲಾಸಿಗೆ ಬರುವ ದೂರುಗಳಲ್ಲಿ ಇದೇ ಮೊದಲನೆಯದು, ಪರಿಹಾರವೂ ಇಷ್ಟೇ.

ಮಾತು ವೇಗ ಅನಿಸಿದರೆ ಕೇಳುವ ಪರದೆಯಲ್ಲಿ 1.00 ಅಂತ ಕಾಣುವುದನ್ನು ಒತ್ತಿ 0.90ಕ್ಕೆ ಇಳಿಸಿ. ದನಿ ಕೆಡುವುದಿಲ್ಲ, ಮಾತು ಕೊಂಚ ಬಿಡಿಸಿ ಕೇಳಿಸುತ್ತದೆ. ರಾತ್ರಿ ಮಲಗಿಕೊಂಡು ಕೇಳುವುದಾದರೆ ಸ್ಲೀಪ್ ಟೈಮರ್ ಹಾಕಿ, ಹೇಳಿದಷ್ಟು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಸಬಹುದು.

ಪ್ರಶ್ನೆ: ಹುಮನಾಬಾದ್‌ನಿಂದ ಕಲಬುರಗಿಗೆ ಕೆಲಸಕ್ಕೆ ರೈಲಿನಲ್ಲಿ ಓಡಾಡುತ್ತೇನೆ. ದಾರಿಯಲ್ಲಿ ನೆಟ್‌ವರ್ಕ್ ಹೋಗಿ ಪಾಡ್‌ಕಾಸ್ಟ್ ನಿಂತುಬಿಡುತ್ತದೆ. ಡೇಟಾ ಬಹಳ ತಿನ್ನುತ್ತದಾ? (ಓದುಗರು, ಹುಮನಾಬಾದ್, ಬೀದರ್ ಜಿಲ್ಲೆ)

ಉತ್ತರ: ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಳ್ಳಿ. ಎಪಿಸೋಡ್ ಪಕ್ಕದ ಕೆಳಮುಖ ಬಾಣದ ಗುರುತು ಒತ್ತಿದರೆ ಡೌನ್‌ಲೋಡ್ ಆಗುತ್ತದೆ. ಆಮೇಲೆ ನೆಟ್‌ವರ್ಕ್ ಬೇಕಿಲ್ಲ. ಮರಗುತ್ತಿ ಹತ್ತಿರದ ಸುರಂಗದೊಳಗೆ ರೈಲು ಹೊಕ್ಕಾಗಲೂ ಮಾತು ಕಡಿಯುವುದಿಲ್ಲ. 2017ರಲ್ಲಿ ಬೀದರ್–ಕಲಬುರಗಿ ಮಾರ್ಗ ಪೂರ್ತಿಯಾದ ಮೇಲೆ ಈ ದಾರಿಯಲ್ಲಿ ಎಷ್ಟು ಜನಕ್ಕೆ ಅನುಕೂಲವಾಗಿದೆ! ಆ ಹೊತ್ತನ್ನು ಒಳ್ಳೆಯ ಮಾತು ಕೇಳಲು ಇಟ್ಟುಕೊಂಡಿದ್ದೀರಿ, ಕೇಳಿ ಖುಷಿಯಾಯಿತು.

ಡೇಟಾ ಲೆಕ್ಕ ಹೀಗಿದೆ. ಬರೀ ಮಾತಿನ ಆಡಿಯೊವನ್ನು ಸಾಮಾನ್ಯವಾಗಿ 64ರಿಂದ 128 ಕೆಬಿಪಿಎಸ್‌ನಲ್ಲಿ (ಒಂದು ಸೆಕೆಂಡಿನ ಮಾತಿಗೆ ಎಷ್ಟು ಡೇಟಾ ಅನ್ನುವ ಅಳತೆ) ಹಾಕಿರುತ್ತಾರೆ. 64 ಆದರೆ ಒಂದು ಗಂಟೆಗೆ ಸುಮಾರು 29 ಎಂಬಿ, 128 ಆದರೆ ಸುಮಾರು 58 ಎಂಬಿ. 60 ಎಂಬಿ ಅಂತಲೇ ಹಿಡಿದರೂ, ದಿನಕ್ಕೆ 1.5 ಜಿಬಿ ಕೊಡುವ ಪ್ಯಾಕ್‌ನಲ್ಲಿ ಒಂದು ಗಂಟೆಯ 25 ಎಪಿಸೋಡ್ ಬರುತ್ತವೆ. ಅದೇ ಮಾತುಕತೆಯನ್ನು ವಿಡಿಯೊದಲ್ಲಿ ನೋಡಿದರೆ ಇದರ ಹಲವು ಪಟ್ಟು ಡೇಟಾ ಹೋಗುತ್ತದೆ. ಫೋನಿನಲ್ಲಿ ಜಾಗ ಕಡಿಮೆ ಇದ್ದರೆ, ಕೇಳಿ ಮುಗಿದ ಎಪಿಸೋಡ್ ತಾನೇ ಅಳಿಸಿಹೋಗುವ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಮಾಡಿಡಿ. ಮನೆಯಲ್ಲಿ ವೈಫೈ ಇದ್ದರೆ ಹೊಸ ಎಪಿಸೋಡ್ ತಾನೇ ಇಳಿಯುವ ಹಾಗೂ ಮಾಡಬಹುದು.

ಸ್ಪಾಟಿಫೈ ಬಳಸುವವರಿಗೆ ಒಂದು ಮಾತು. ಅಲ್ಲಿ ಹಾಡು ಇಳಿಸಿಕೊಳ್ಳಲು ದುಡ್ಡಿನ ಪ್ಯಾಕ್ ಬೇಕು, ಪಾಡ್‌ಕಾಸ್ಟ್ ಇಳಿಸಿಕೊಳ್ಳಲು ಬೇಡ.

ಪ್ರಶ್ನೆ: ಹಳೆಯ ಫೋನಿನಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಇತ್ತು, ಚೆನ್ನಾಗಿ ಕೇಳುತ್ತಿದ್ದೆ. ಈಗ ಅದು ಸಿಗುತ್ತಿಲ್ಲ. ನನ್ನ ಕಾರ್ಯಕ್ರಮಗಳೆಲ್ಲ ಹೋದವಾ? (ಓದುಗರು, ಸೇಡಂ)

ಉತ್ತರ: ಗೂಗಲ್ 2024ರಲ್ಲಿ ಆ ಆ್ಯಪನ್ನು ಮುಚ್ಚಿತು. ಬಳಕೆದಾರರು ತಮ್ಮ ಪಟ್ಟಿಯನ್ನು ಬೇರೆ ಕಡೆ ಒಯ್ಯಲು ಕೊಟ್ಟಿದ್ದ ಸಮಯವೂ ಅದೇ ವರ್ಷ ಮುಗಿಯಿತು. ಕಾರ್ಯಕ್ರಮಗಳು ಎಲ್ಲೂ ಹೋಗಿಲ್ಲ, ಅವು ಗೂಗಲ್ ಬಳಿ ಇರಲೇ ಇಲ್ಲ. ಹೆಸರು ನೆನಪಿದ್ದರೆ ಬೇರೆ ಆ್ಯಪ್‌ನಲ್ಲಿ ಹುಡುಕಿ ಮತ್ತೆ ಸಬ್‌ಸ್ಕ್ರೈಬ್ ಮಾಡಿ. ಈ ಸಲ ಪಟ್ಟಿಯನ್ನು ಕೈಯಲ್ಲಿಟ್ಟುಕೊಳ್ಳಿ. ಆಂಟೆನಾಪಾಡ್, ಪಾಕೆಟ್ ಕಾಸ್ಟ್ಸ್ ಎರಡೂ ಆ್ಯಪ್‌ಗಳಲ್ಲಿ ಓಪಿಎಂಎಲ್ ಎಕ್ಸ್‌ಪೋರ್ಟ್ ಅಂತ ಇದೆ. ಅದನ್ನು ಒತ್ತಿದರೆ ನಿಮ್ಮ ಕಾರ್ಯಕ್ರಮಗಳ ಪಟ್ಟಿ ಒಂದು ಸಣ್ಣ ಫೈಲ್ ಆಗುತ್ತದೆ. ಅದನ್ನು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಫೋನ್ ಬದಲಾದರೂ ಆ್ಯಪ್ ಬದಲಾದರೂ ಆ ಫೈಲ್ ಕೊಟ್ಟರೆ ಎಲ್ಲ ವಾಪಸ್ ಬರುತ್ತವೆ.

ಪ್ರಶ್ನೆ: ನನ್ನದು ಕೀಪ್ಯಾಡ್ ಫೋನ್. ಹೊಲದಲ್ಲಿ ತೊಗರಿಗೆ ಕಳೆ ತೆಗೆಯುವಾಗ ಎಫ್‌ಎಂ ಕೇಳುತ್ತೇನೆ. ಇದರಲ್ಲಿ ಪಾಡ್‌ಕಾಸ್ಟ್ ಬರುತ್ತದಾ? (ಓದುಗರು, ಜೇವರ್ಗಿ ತಾಲ್ಲೂಕು)

ಉತ್ತರ: ಬರುತ್ತದೆ ಅಣ್ಣಾವ್ರೇ, ಮೆಮೊರಿ ಕಾರ್ಡ್ ಹಾಕುವ ಜಾಗ ಇದ್ದರೆ ಸಾಕು. ಸಬ್‌ಸ್ಕ್ರೈಬ್ ಮಾಡಲು ಆಗುವುದಿಲ್ಲ, ಕೇಳಲು ಆಗುತ್ತದೆ. ಪಾಡ್‌ಕಾಸ್ಟ್ ಎಪಿಸೋಡ್ ಅಂದರೆ ಬಹುಪಾಲು ಒಂದು ಎಂಪಿ3 ಫೈಲ್, ಹಾಡಿನ ಫೈಲ್ ಇದ್ದಂತೆಯೇ. ಮನೆಯಲ್ಲಿ ಮಕ್ಕಳ ಹತ್ತಿರ ಕಂಪ್ಯೂಟರ್ ಇದ್ದರೆ ಅಥವಾ ಊರಿನ ಮೊಬೈಲ್ ಅಂಗಡಿಯಲ್ಲಿ ಕೇಳಿದರೆ ಕೆಲಸ ಆಗುತ್ತದೆ. ಎಷ್ಟೋ ಕಾರ್ಯಕ್ರಮಗಳ ವೆಬ್‌ಸೈಟಿನಲ್ಲಿ ಎಪಿಸೋಡ್ ಕೆಳಗೇ ಡೌನ್‌ಲೋಡ್ ಬಟನ್ ಇರುತ್ತದೆ. ಇಳಿಸಿ, ಕಾರ್ಡಿಗೆ ಹಾಕಿಸಿಕೊಳ್ಳಿ. ಗಂಟೆಗೆ 60 ಎಂಬಿ ಹಿಡಿದರೆ 4 ಜಿಬಿ ಕಾರ್ಡಿನಲ್ಲಿ 60 ಗಂಟೆಗೂ ಜಾಸ್ತಿ ಮಾತು ತುಂಬುತ್ತದೆ. ತೊಗರಿ ರಾಶಿ ಮುಗಿಯುವವರೆಗೆ ಸಾಲುತ್ತದೆ.

ಹೊಲದಲ್ಲಿ ಕೇಳುವಾಗ ಒಂದೇ ಕಿವಿಗೆ ಇಯರ್‌ಫೋನ್ ಹಾಕಿ, ಇನ್ನೊಂದು ಕಿವಿ ಬಿಟ್ಟುಕೊಂಡಿರಲಿ. ಹಾವು ಹುಳ ಹರಿದಾಡುವ ಜಾಗ, ಪಕ್ಕದವರು ಕೂಗಿದ್ದು ಕೇಳಬೇಕು. ಟ್ರ್ಯಾಕ್ಟರ್ ಮೇಲೆ, ಬೈಕ್ ಮೇಲೆ ಇದ್ದಾಗ ಇಯರ್‌ಫೋನ್ ಬೇಡವೇ ಬೇಡ. ಈ ಮಾತನ್ನು ಮನೆಯ ಹುಡುಗರಿಗೂ ಹೇಳಿ.

ಕಾರ್ಡಿಗೆ ಹಾಕಿಸುವಾಗ ಪ್ರತಿ ಫೈಲಿನ ಹೆಸರಿನ ಮುಂದೆ 01, 02, 03 ಅಂತ ಬರೆಸಿಕೊಳ್ಳಿ. ಕೀಪ್ಯಾಡ್ ಫೋನುಗಳು ಹೆಚ್ಚಾಗಿ ಹೆಸರಿನ ಅಕ್ಷರದ ಕ್ರಮದಲ್ಲಿ ಹಾಡುತ್ತವೆ. ಅಂಕಿ ಇಲ್ಲದಿದ್ದರೆ ಕತೆಯ ಎರಡನೇ ಭಾಗ ಮೊದಲು ಬಂದು, ಮೊದಲನೇ ಭಾಗ ಆಮೇಲೆ ಬರುತ್ತದೆ.