20 ಅಮೈನೊ ಆಮ್ಲಗಳನ್ನು ಬೇಗ ಬಾಯಿಪಾಠ ಮಾಡಲು ಸುಲಭ ಸೂತ್ರ ಇದೆಯೇ?

ನಿಮ್ಮ ಪ್ರಶ್ನೆ ಓದಿದಾಗ ನನ್ನ ಹಾಸ್ಟೆಲ್ ಕೋಣೆಯ ಗೋಡೆ ನೆನಪಾಯಿತು. ಅಲ್ಲಿ ಪ್ರೋಟೀನ್ ಕಟ್ಟುವ ಈ ಇಪ್ಪತ್ತೂ ಘಟಕಗಳ ಹೆಸರು, ಒಂದಕ್ಷರದ ಗುರುತು ಬರೆದು ಅಂಟಿಸಿದ್ದೆ. ಲೈಸಿನ್ ಅಂದರೆ ಕೆ, ಟ್ರಿಪ್ಟೊಫ್ಯಾನ್ ಅಂದರೆ ಡಬ್ಲ್ಯು, ಹಲ್ಲುಜ್ಜುವಾಗಲೂ ಅದೇ ಜಪ. ಬಿ.ಎಸ್ಸಿ.ಯಲ್ಲಿ ಅಂಕವೂ ಬಂತು.

ಆಮೇಲೆ ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಸಂದರ್ಶನ. ಸಿಕಲ್ ಸೆಲ್ ಕಾಯಿಲೆಯಲ್ಲಿ ಏನಾಗುತ್ತದೆ ಅಂತ ಕೇಳಿದರು. ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬರುತ್ತದೆ ಅಂದೆ, ತಡವರಿಸದೆ. "ಆ ಸರಪಳಿಯ 146 ಅಮೈನೊ ಆಮ್ಲಗಳಲ್ಲಿ ಒಂದು ಬದಲಾದರೆ ರಕ್ತಕಣ ಯಾಕೆ ಕುಡುಗೋಲಿನ ಹಾಗೆ ಬಾಗಬೇಕು? ಎರಡನ್ನೂ ಬೋರ್ಡಿನ ಮೇಲೆ ಬಿಡಿಸಿ." ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತೆ. ಸೀಟು ಹೋಯಿತು, ಜೊತೆಗೆ ಒಂದು ವರ್ಷವೂ.

ನಾನು ಬಾಯಿಪಾಠ ಮಾಡಿದ್ದೇ ತಪ್ಪು ಅನ್ನುತ್ತಿಲ್ಲ. ಹೆಸರಿನ ಹಿಂದಿದ್ದ ವಸ್ತುವನ್ನು ಒಂದು ಸಲವೂ ನೋಡಿರಲಿಲ್ಲ, ಅದು ತಪ್ಪು. ಎಲ್ಲಕ್ಕೂ ಮೈ ಒಂದೇ: ನಡುವೆ ಇಂಗಾಲ, ಅದಕ್ಕೆ ಅಂಟಿಕೊಂಡ ಅಮೈನೊ ಗುಂಪು, ಕಾರ್ಬಾಕ್ಸಿಲ್ ಗುಂಪು, ಒಂದು ಹೈಡ್ರೋಜನ್. ವ್ಯತ್ಯಾಸವೆಲ್ಲ ನಾಲ್ಕನೇ ಕೈಯಲ್ಲಿ. (ಪ್ರೋಲಿನ್ ಮಾತ್ರ ಆ ಕೈಯನ್ನು ಮಡಚಿ ತನ್ನದೇ ನೈಟ್ರೋಜನ್ನಿಗೆ ಕಟ್ಟಿಕೊಂಡಿದೆ.) ಗ್ಲುಟಾಮಿಕ್ ಆಮ್ಲದ ಕೈಗೆ ರಕ್ತದಲ್ಲಿ ಋಣ ವಿದ್ಯುದಂಶ ಇರುತ್ತದೆ, ಅದಕ್ಕೆ ನೀರು ಇಷ್ಟ. ವ್ಯಾಲಿನ್‌ನ ಕೈಯಲ್ಲಿ ಇಂಗಾಲ, ಹೈಡ್ರೋಜನ್ ಬಿಟ್ಟರೆ ಬೇರೇನಿಲ್ಲ, ಎಣ್ಣೆಯ ಹಾಗೆ ನೀರಿಗೆ ಬೆನ್ನು ಹಾಕುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟಾಗ ಆ ಜಿಡ್ಡಿನ ಕೈ ಪಕ್ಕದ ಹಿಮೋಗ್ಲೋಬಿನ್ನಿನ ಸಂದಿಗೆ ಹೋಗಿ ಕೂರುತ್ತದೆ. ಒಂದಕ್ಕೊಂದು ಅಂಟಿ ಉದ್ದನೆಯ ನಾರುಗಳಾಗಿ ಕಣವನ್ನೇ ಒಳಗಿನಿಂದ ಬಗ್ಗಿಸುತ್ತವೆ. ಇಷ್ಟೂ ಉತ್ತರ ನಾಲ್ಕನೇ ಕೈಯಲ್ಲೇ ಇತ್ತು. ನಾನು ಅದರ ಮೇಲೆ 'ವಿ' ಅನ್ನುವ ಚೀಟಿ ಅಂಟಿಸಿ ಮುಂದೆ ಹೋಗಿದ್ದೆ.

ಹಾಗಾಗಿ ಸೂತ್ರ ಹುಡುಕಬೇಡಿ. ನೀವು ಕೇಳಬೇಕಾದದ್ದು ಆ ಪ್ರಶ್ನೆಯೇ ಅಲ್ಲ. ಬಿಳಿ ಹಾಳೆಯ ಮೇಲೆ ದಿನಕ್ಕೆ ನಾಲ್ಕು ಬಿಡಿಸಿ, ಐದು ದಿನ ಸಾಕು. ಪ್ರತಿಯೊಂದನ್ನೂ ಕೇಳಿ: ನಿನಗೆ ನೀರು ಬೇಕೋ ಬೇಡವೋ, ವಿದ್ಯುದಂಶ ಇದೆಯೋ ಇಲ್ಲವೋ? ಹೆಸರು ತಾನಾಗಿ ನಿಲ್ಲುತ್ತದೆ. ಗ್ಲೈಸಿನ್‌ನಿಂದ ಶುರುಮಾಡಿ, ಅದರ ಕೈಯಲ್ಲಿ ಇನ್ನೊಂದು ಹೈಡ್ರೋಜನ್ ಅಷ್ಟೇ. ಅಲ್ಲಿ ಮೀಥೈಲ್ (ಒಂದು ಇಂಗಾಲ, ಮೂರು ಹೈಡ್ರೋಜನ್) ಕೂರಿಸಿದರೆ ಅಲನಿನ್. ಆ ಮೀಥೈಲಿನ ಎರಡು ಹೈಡ್ರೋಜನ್ ತೆಗೆದು ಇನ್ನೆರಡು ಮೀಥೈಲ್ ಇಟ್ಟರೆ ವ್ಯಾಲಿನ್, ಅವತ್ತು ನಾನು ಬೋರ್ಡಿನ ಮೇಲೆ ಬಿಡಿಸಲಾರದೆ ನಿಂತದ್ದು.