ಮನೆಯಲ್ಲೇ ದೊಡ್ಡ ಟಿವಿ, ಒಳ್ಳೆಯ ಹೆಡ್‌ಫೋನ್ ಇರುವಾಗ ನಾಟಕಕ್ಕೆ ಯಾಕೆ ಹೋಗಬೇಕು?

ಹೊಸ ಟಿವಿ ತಂದಿದ್ದೀರಿ. ಹೊರಗಿನ ಸದ್ದು ತಡೆಯುವ ಹೆಡ್‌ಫೋನ್ ಇದೆ. ನೋಡಲು ಸೀರೀಸ್ ಬೇಕಾದಷ್ಟಿವೆ. ಹೀಗಿರುವಾಗ ಗೆಳೆಯರು ನಾಟಕಕ್ಕೆ ಕರೆಯುತ್ತಿದ್ದಾರೆ, ಮನೆಯಲ್ಲಿ ಸಿಗದೇ ಇರುವಂಥದ್ದು ಅಲ್ಲಿ ಏನಿದೆ ಅಂತ ಕೇಳಿದ್ದೀರಿ.

ಹೋಗಿ ಅಂತಲೇ ಹೇಳುತ್ತೇನೆ. ಆದರೆ ನಾಟಕ ನೋಡುವವರು ಮೇಲು, ಟಿವಿ ನೋಡುವವರು ಕೀಳು ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ನಾನು ಹವ್ಯಾಸಿ ತಂಡವೊಂದರಲ್ಲಿ ಬೆಳಕಿನ ಕೆಲಸ ಮಾಡುತ್ತೇನೆ. ತಾಲೀಮು ಮುಗಿಸಿ ಬಂದು ಮನೆಯಲ್ಲಿ ಸೀರೀಸ್ ಕೂಡ ನೋಡುತ್ತೇನೆ. ನನಗೆ ಎರಡೂ ಬೇಕು.

ವ್ಯತ್ಯಾಸ ಇರುವುದು ಒಂದು ಕಡೆ. ಎಲ್ಲಿ ನೋಡಬೇಕು ಅನ್ನುವುದನ್ನು ಯಾರು ತೀರ್ಮಾನಿಸುತ್ತಾರೆ? ಟಿವಿಯಲ್ಲಿ ಕ್ಯಾಮೆರಾ. ನಾಟಕದಲ್ಲಿ ನೀವು. ವೇದಿಕೆಯ ನಡುವೆ ಇಬ್ಬರು ಜಗಳವಾಡುತ್ತಿದ್ದಾರೆ, ಮೂಲೆಯಲ್ಲಿ ಒಬ್ಬಳು ಬಟ್ಟೆ ಮಡಚುತ್ತಿದ್ದಾಳೆ ಅಂದುಕೊಳ್ಳಿ. ಟಿವಿಯಲ್ಲಾದರೆ ಜಗಳದವರ ಮುಖ ಒಂದಾದ ಮೇಲೊಂದು ಬರುತ್ತದೆ. ಅವಳ ಮುಖ ಕಾಣುವುದು ನಿರ್ದೇಶಕರಿಗೆ ಬೇಕು ಅನ್ನಿಸಿದಾಗ ಮಾತ್ರ. ನಾಟಕದಲ್ಲಿ ಅವಳು ಅಷ್ಟು ಹೊತ್ತೂ ಅಲ್ಲೇ ಇರುತ್ತಾಳೆ. ಜಗಳ ಬಿಟ್ಟು ಅವಳನ್ನೇ ನೋಡುತ್ತಾ ಕೂರಬಹುದು. ಯಾವ ಮಾತಿಗೆ ಅವಳ ಕೈ ನಿಂತಿತು ಅಂತ ಗಮನಿಸಬಹುದು. ಪಕ್ಕದಲ್ಲಿ ಕೂತವರು ಅದನ್ನು ನೋಡಿಯೇ ಇರುವುದಿಲ್ಲ. ಒಂದೇ ನಾಟಕ ನೋಡಿ ಬಂದ ನಾಲ್ವರು ನಾಲ್ಕು ಕಥೆ ಹೇಳುವುದು ಇದಕ್ಕೇ.

ಬೆಳಕಿನವರು, ನಟರು ಸೇರಿ ನಿಮ್ಮ ಕಣ್ಣನ್ನು ಒಂದು ಕಡೆಗೆ ಕರೆಯುತ್ತೇವೆ ಅನ್ನುವುದು ನಿಜ. ಒಂದು ಮೂಲೆಯ ಬೆಳಕನ್ನು ಎರಡು ನಿಮಿಷ ತೆಗೆದುಕೊಂಡು ಏರಿಸುತ್ತೇವೆ. ಏರಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಆದರೂ ಕಣ್ಣು ಅತ್ತ ಹೋಗಿರುತ್ತದೆ. ಆದರೆ ಅದು ಬರೀ ಕರೆಯುವುದು, ಬಲವಂತವಿಲ್ಲ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಹತ್ತಿರದ್ದು. ನಟರಿಗೆ ನೀವು ಕೇಳಿಸುತ್ತೀರಿ. ಪ್ರೇಕ್ಷಕರು ನಕ್ಕರೆ ಒಳ್ಳೆಯ ನಟ ಮುಂದಿನ ಮಾತನ್ನು ತಡೆದು ನಿಲ್ಲುತ್ತಾನೆ. ನಗು ಇಳಿಯುತ್ತಿರುವಾಗ, ಪೂರ್ತಿ ನಿಲ್ಲುವ ಮೊದಲೇ ಮಾತು ಎತ್ತಿಕೊಳ್ಳುತ್ತಾನೆ. ಬೇಗ ಎತ್ತಿದರೆ ಮಾತು ನಗುವಿನಲ್ಲಿ ಮುಳುಗುತ್ತದೆ. ತಡವಾದರೆ ದೃಶ್ಯ ಸಡಿಲವಾಗುತ್ತದೆ. ಬೆಳಕು ಬದಲಿಸಲು ಸಿದ್ಧನಾಗಿ ಕೂತ ನಾನೂ ಅವನ ಜೊತೆ ಕಾಯಬೇಕು. ಪ್ರತಿ ಪ್ರದರ್ಶನದಲ್ಲೂ ಆ ಕಾಯುವಿಕೆ ಬೇರೆ. ಅದೇ ಮಾತು, ಅದೇ ನಡೆ, ಆದರೂ ನಾಟಕ ಮುಗಿಯುವ ಹೊತ್ತು ನಿಮಿಷಗಟ್ಟಲೆ ಹೆಚ್ಚುಕಡಿಮೆ ಆಗುತ್ತದೆ. ಕಾರಣ ಅವತ್ತು ಕೂತಿರುವ ಜನ. ನೀವು ಅಲ್ಲಿ ಸುಮ್ನೆ ನೋಡುವವರಲ್ಲ, ಅವತ್ತಿನ ನಾಟಕದ ಒಂದು ಭಾಗ. ಟಿವಿ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ನಗುವಿಗೆ ಕಾಯುವುದಿಲ್ಲ, ಅಲ್ವಾ?

ಈಗ ಟಿವಿಯ ಪರವಾಗಿ. ಮುಖವನ್ನು ಹತ್ತಿರದಿಂದ ತೋರಿಸುವುದು ಅದರ ಹುಟ್ಟುಗುಣ. 1928ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಕೆನೆಕ್ಟಡಿಯಲ್ಲಿ ಒಂದು ಪುಟ್ಟ ನಾಟಕವನ್ನು ಟಿವಿಯಲ್ಲಿ ಪ್ರಸಾರ ಮಾಡಿದರು. ಟಿವಿ ನಾಟಕದ ಶುರು ಅಂತ ಅದನ್ನೇ ಹೇಳುತ್ತಾರೆ. ಮೂರು ಕ್ಯಾಮೆರಾ ಇದ್ದವು. ಒಂದು ಸಲಕ್ಕೆ ಒಂದು ಮುಖ ಹಿಡಿಸುವಷ್ಟೇ ಜಾಗ. ಎರಡು ಕ್ಯಾಮೆರಾ ಇಬ್ಬರು ಕಲಾವಿದರ ಮುಖಕ್ಕೆ, ಮೂರನೆಯದು ಕೈಗಳಿಗೆ ಮತ್ತು ಸಾಮಾನುಗಳಿಗೆ. ಆ ಕೈಗಳು ಕೂಡ ಬೇರೆಯವರದು! ನೋಡುವ ಪರದೆ ಮೂರು ಇಂಚಿನ ಸುಮಾರು. ಪರದೆ ಇವತ್ತು ಗೋಡೆಯಷ್ಟಾಗಿದೆ, ಆದರೆ ಗುಣ ಅದೇ. ಕಣ್ಣಂಚು ಒದ್ದೆಯಾಗುವುದು, ಸುಳ್ಳು ಹೇಳುವ ಮೊದಲು ತುಟಿ ಒಂದಿಷ್ಟು ಬಿಗಿಯುವುದು, ಇವನ್ನು ಕೊನೆಯ ಸಾಲಿನ ಪ್ರೇಕ್ಷಕರಿಗೆ ಯಾವ ನಾಟಕವೂ ತೋರಿಸಲಾರದು.

ಸಮಯವೂ ಟಿವಿಯ ಕೈಯಲ್ಲಿದೆ. ನಾಟಕಕ್ಕೆ ಸಾಮಾನ್ಯವಾಗಿ ಎರಡು ಗಂಟೆ, ಜಾಸ್ತಿ ಅಂದರೆ ಮೂರು. ಸೀರೀಸ್‌ಗೆ ಹತ್ತಾರು ಗಂಟೆ. ಒಬ್ಬ ಮನುಷ್ಯ ನಿಧಾನಕ್ಕೆ ಕೆಡುವುದನ್ನು, ಒಂದು ಸಂಬಂಧ ಸದ್ದಿಲ್ಲದೆ ಹಳಸುವುದನ್ನು ಅದು ಬಿಡಿಸಿ ತೋರಿಸಬಲ್ಲದು. 2013ರಲ್ಲಿ ನೆಟ್‌ಫ್ಲಿಕ್ಸ್ ಒಂದು ಸೀರೀಸ್‌ನ 13 ಕಂತುಗಳನ್ನೂ ಒಂದೇ ದಿನ ಬಿಟ್ಟ ಮೇಲೆ, ಒಂದೇ ಕೂತಲ್ಲಿ ನೋಡಿ ಮುಗಿಸುವ ಅಭ್ಯಾಸ ಇನ್ನಷ್ಟು ಹರಡಿತು. ನನಗೆ ವಾರಕ್ಕೊಂದು ಕಂತೇ ಇಷ್ಟ. ಮುಂದೇನು ಅಂತ ಯೋಚಿಸುವ ಆ ಆರು ದಿನವೂ ಕಥೆಯದ್ದೇ. ಒಂದು ಬೆಚ್ಚಿಬೀಳುವ ನೋಟವನ್ನು ಆರು ಮುಖಗಳ ಮೇಲೆ ಸಂಗೀತ ಹಾಕಿ ಎಳೆಯುವ ದಿನದ ಧಾರಾವಾಹಿಗಳನ್ನು ಮಾತ್ರ ನನ್ನಿಂದ ನೋಡಲು ಆಗುವುದಿಲ್ಲ. ಕೈಯಲ್ಲಿದ್ದ ಅಷ್ಟು ಸಮಯವನ್ನು ಹೀಗೆ ಸುರಿದುಬಿಡುತ್ತಾರಲ್ಲ ಅಂತ ನೋವಾಗುತ್ತದೆ.

ನಿಮ್ಮ ಸಾಧನಗಳ ಬಗ್ಗೆಯೂ ಒಂದಿಷ್ಟು. ಚಿತ್ರಕ್ಕಿಂತ ಸದ್ದಿನ ಕಡೆ ಗಮನ ಕೊಡಿ. ತೆಳ್ಳಗಿನ ಟಿವಿಗಳಲ್ಲಿ ಸ್ಪೀಕರ್ ಸಾಮಾನ್ಯವಾಗಿ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ. ಸದ್ದು ಗೋಡೆಗೆ ಬಡಿದು ನಿಮ್ಮ ಕಿವಿಗೆ ಬರುತ್ತದೆ. ಜೊತೆಗೆ, ಐದಾರು ಸ್ಪೀಕರ್‌ಗೆ ಅಂತ ಮಾಡಿದ ಧ್ವನಿಯಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರ್‌ನಲ್ಲಿರುತ್ತದೆ. ಅದೆಲ್ಲವನ್ನೂ ಎರಡೇ ಸ್ಪೀಕರ್‌ಗೆ ಇಳಿಸಿದಾಗ ಸಂಗೀತ, ಗುಂಡಿನ ಸದ್ದು ಬಂದು ಮಾತಿನ ಮೇಲೆ ಕೂರುತ್ತವೆ. ಮಾತು ಕೇಳಿಸಲ್ಲ ಅಂತ ಸದ್ದು ಏರಿಸುತ್ತೀರಿ, ಮರುಕ್ಷಣ ಸ್ಫೋಟಕ್ಕೆ ಇಳಿಸುತ್ತೀರಿ. ಸೆಟ್ಟಿಂಗ್ಸ್‌ನಲ್ಲಿ ಮಾತನ್ನು ಎತ್ತಿ ಕೊಡುವ ಆಯ್ಕೆ ಇದ್ದರೆ ಹಾಕಿ. ಆ್ಯಪ್‌ನಲ್ಲಿ ಸ್ಟೀರಿಯೋ, ಅಂದರೆ ಎರಡು ಸ್ಪೀಕರ್‌ಗೆ ಅಂತಲೇ ಮಾಡಿದ ಧ್ವನಿ ಸಿಗುತ್ತಾ ನೋಡಿ. ಸಾಧಾರಣ ಸೌಂಡ್‌ಬಾರ್ (ಟಿವಿ ಕೆಳಗೆ ಇಡುವ ಉದ್ದನೆಯ ಸ್ಪೀಕರ್) ಕೂಡ ತುಂಬಾ ವ್ಯತ್ಯಾಸ ಮಾಡುತ್ತದೆ.

ಇನ್ನು, ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಸಿನಿಮಾಗಳನ್ನೂ ಹೆಚ್ಚಿನ ಸೀರೀಸ್‌ಗಳನ್ನೂ ಸೆಕೆಂಡಿಗೆ 24 ಫ್ರೇಮ್‌ನಂತೆ, ಅಂದರೆ 24 ಬಿಡಿ ಚಿತ್ರಗಳಂತೆ, ತೆಗೆದಿರುತ್ತಾರೆ. ಟಿವಿ ನಡುನಡುವೆ ತಾನೇ ಫ್ರೇಮ್ ಹುಟ್ಟಿಸಿ ಸೇರಿಸಿದಾಗ ಎಲ್ಲವೂ ಸ್ಟುಡಿಯೋ ವಿಡಿಯೋ ಥರ ಕಾಣುತ್ತದೆ. ಹೆಡ್‌ಫೋನ್‌ನ ಸದ್ದು ತಡೆಯುವ ಗುಣ ಫ್ಯಾನ್, ಎಂಜಿನ್‌ನಂಥ ಒಂದೇ ಸಮನೆ ಬರುವ ಗುಂಯ್‌ಗುಡುವಿಕೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದ ಕೋಣೆಯ ಮಾತಿಗೆ ಅಷ್ಟಿಲ್ಲ.

ಕಿವಿಗೆ ಸಾಧನ ಹಿಡಿದು ಮನೆಯಲ್ಲಿ ಕೂತು ರಂಗಭೂಮಿ ಸವಿಯುವ ಆಸೆ ಹೊಸದೇನಲ್ಲ. 1881ರಲ್ಲಿ ಪ್ಯಾರಿಸ್‌ನ ವಿದ್ಯುತ್ ಪ್ರದರ್ಶನಕ್ಕಾಗಿ ಕ್ಲೆಮಾನ್ ಅದೇರ್ ಅನ್ನುವ ಎಂಜಿನಿಯರ್ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ವೇದಿಕೆಯ ಮುಂಭಾಗದಲ್ಲಿ ಮೈಕ್‌ಗಳನ್ನು ಇಟ್ಟು ಟೆಲಿಫೋನ್ ತಂತಿ ಎಳೆದರು. ಜನ ಎರಡು ಕಿವಿಗೂ ಒಂದೊಂದು ರಿಸೀವರ್ ಹಿಡಿದು ಕೇಳಿದರು. ಗಾಯಕರು ಎಡದಿಂದ ಬಲಕ್ಕೆ ಸರಿದದ್ದೂ ಗೊತ್ತಾಗುತ್ತಿತ್ತು. 1890ರಿಂದ ಅದು ಥಿಯೇಟ್ರೋಫೋನ್ ಅನ್ನುವ ಚಂದಾ ಸೇವೆಯಾಗಿ 1932ರವರೆಗೆ ನಡೆಯಿತು. ಈಗ ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದ ತನ್ನ ನಾಟಕಗಳನ್ನು ಸಿನಿಮಾ ಮಂದಿರಗಳಿಗೆ ಪ್ರಸಾರ ಮಾಡುತ್ತಿದೆ. ಇಂಥವನ್ನು ನಾನು ಖುಷಿಯಿಂದ ನೋಡುತ್ತೇನೆ. ದೂರ ಇರುವವರಿಗೆ, ಹೊರಗೆ ಹೋಗಲು ಆಗದವರಿಗೆ ಇದು ದೊಡ್ಡ ಉಪಕಾರ. ಆದರೆ ಇಲ್ಲೂ ಮೂಲೆಯಲ್ಲಿ ಬಟ್ಟೆ ಮಡಚುವವಳು ಕ್ಯಾಮೆರಾ ತೋರಿಸಿದರೆ ಮಾತ್ರ ಕಾಣುತ್ತಾಳೆ.

ನಾಟಕಕ್ಕೆ ಹೋದಾಗ ಫೋನನ್ನು ಪೂರ್ತಿ ಆಫ್ ಮಾಡಿ. ಇದನ್ನು ಬೆಳಕಿನವನಾಗಿ ಬೇಡಿಕೊಳ್ಳುತ್ತೇನೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಮೆಸೇಜ್ ನೋಡಲು ಪರದೆ ಹೊತ್ತಿಸಿದರೆ ನಿಮ್ಮ ಕಣ್ಣು ಕತ್ತಲೆಗೆ ಮತ್ತೆ ಹೊಂದಿಕೊಳ್ಳಬೇಕು, ಹಿಂದಿನ ಸಾಲಿನವರ ಕಣ್ಣಿಗೂ ಅದು ಚುಚ್ಚುತ್ತದೆ. ಬರೀ ವೈಬ್ರೇಟ್‌ಗೆ ಹಾಕಿದರೆ ಸಾಲದು, ಮೌನದ ದೃಶ್ಯದಲ್ಲಿ ಆ ಗುರ್ರ್ ಸದ್ದು ಮೂರು ಸಾಲಿಗೆ ಕೇಳುತ್ತದೆ. ಕೈ ಎತ್ತಿದ ಕೂಡಲೇ ಬೆಳಗುವ ಸ್ಮಾರ್ಟ್‌ವಾಚ್ ಇನ್ನೂ ತೊಂದರೆ. ಹಲವು ವಾಚ್‌ಗಳಲ್ಲಿ ಪರದೆ ತಾನಾಗಿ ಬೆಳಗದಂತೆ ಮಾಡುವ ಥಿಯೇಟರ್ ಮೋಡ್ ಇರುತ್ತದೆ, ಅದನ್ನು ಹಾಕಿಕೊಳ್ಳಿ. ಸೀರೀಸ್ ನೋಡುವಾಗಲೂ ಫೋನ್ ಬೇರೆ ಕೋಣೆಯಲ್ಲಿಟ್ಟು ನೋಡಿ. ಒಳ್ಳೆಯ ನಟರು ಮಾತಿಲ್ಲದೆ ಹೇಳುವುದೆಲ್ಲ ಅರ್ಧ ಗಮನದಲ್ಲಿ ಕಳೆದುಹೋಗುತ್ತದೆ.

ಮೊದಲ ಸಲ ಹೋಗುವಾಗ ದೊಡ್ಡ ಸಭಾಂಗಣದ ಅದ್ದೂರಿ ನಾಟಕ ಬೇಡ. ಪುಟ್ಟ ಜಾಗದಲ್ಲಿ, ನಾಲ್ಕೈದು ನಟರಿರುವ ನಾಟಕ ಆರಿಸಿ. ಕೂರುವುದು ಮೂರನೇ ಅಥವಾ ನಾಲ್ಕನೇ ಸಾಲಿನಲ್ಲಿ. ಮುಖವೂ ಕಾಣಬೇಕು, ಇಡೀ ವೇದಿಕೆಯೂ ಒಂದೇ ನೋಟಕ್ಕೆ ಸಿಗಬೇಕು. ಮೊದಲ ಸಾಲಿನಲ್ಲಿ ಕತ್ತು ತಿರುಗಿಸುವುದೇ ಕೆಲಸವಾಗುತ್ತದೆ. ಶುರುವಿನ ಹತ್ತು ನಿಮಿಷ ನಟರ ಧ್ವನಿ ಜೋರು ಅನ್ನಿಸಬಹುದು. ಕೊನೆಯ ಸಾಲಿಗೂ ಮಾತು ಮುಟ್ಟಿಸುವ ಹೊಣೆ ಅವರ ಮೇಲಿದೆ, ಕಿವಿ ಬೇಗ ಹೊಂದಿಕೊಳ್ಳುತ್ತದೆ. ಹಿಡಿಸದಿದ್ದರೆ ಬೇರೆ ತಂಡದ ಇನ್ನೊಂದು ಬಗೆಯ ನಾಟಕಕ್ಕೆ ಹೋಗಿ. ಹಿಡಿಸಿದರೆ ಅದೇ ನಾಟಕದ ಇನ್ನೊಂದು ಪ್ರದರ್ಶನಕ್ಕೆ ಟಿಕೆಟ್ ತೆಗೆದುಕೊಂಡು, ಆ ಸಲ ಮಾತಾಡುತ್ತಿರುವವರನ್ನು ಬಿಟ್ಟು ಕೇಳಿಸಿಕೊಳ್ಳುತ್ತಿರುವವರನ್ನೇ ನೋಡಿ.