ಹನ್ನೊಂದು ರೂಪಾಯಿ, ಒಂದೇ ಇಸವಿ

ಪ್ರಶ್ನೆ: ದೀಪಾವಳಿಯ ಲಕ್ಷ್ಮೀಪೂಜೆಗೆ ಇಡುವ, ನಮ್ಮ ಅಜ್ಜಿಯಿಂದ ಬಂದ ಹನ್ನೊಂದು ಬೆಳ್ಳಿ ರೂಪಾಯಿಗಳಲ್ಲಿಯೂ 1862 ಎಂದೇ ಇದೆ. ಇವು ನಕಲಿ ಇರಬಹುದೇ? ಕೆಲವದರಲ್ಲಿ ಇಸವಿಯ ಕೆಳಗೆ ಸಣ್ಣ ಚುಕ್ಕೆಗಳಿವೆ. ಅಕ್ಕಸಾಲಿಗರು ಅದು ಕೊಳೆ, ತಿಕ್ಕಿದರೆ ಹೋಗುತ್ತದೆ ಎಂದರು. (ಶಿವಮೊಗ್ಗದ ಓದುಗರು)

ಉತ್ತರ: ದಯವಿಟ್ಟು ತಿಕ್ಕಬೇಡಿ. ಇಸವಿ ಒಂದೇ ಆಗಿದೆ ಎಂಬ ಕಾರಣಕ್ಕೆ ಅವುಗಳನ್ನು ನಕಲಿಯೆಂದು ಶಂಕಿಸಬೇಕಾಗಿಲ್ಲ. ವಿಕ್ಟೋರಿಯಾ ರಾಣಿಯ ಛಾಪಿನ ಈ ರೂಪಾಯಿ 1862ರಲ್ಲಿ ಹೊರಟಿತು. ಆಮೇಲೆ 1874ರಲ್ಲಿ ಇಸವಿ ಬದಲಾಗುವವರೆಗೂ ಟಂಕಸಾಲೆಗಳು ಅದೇ ಅಂಕೆಗಳನ್ನು ಅಚ್ಚೊತ್ತುತ್ತಲೇ ಇದ್ದುದರಿಂದ, 1870ರಲ್ಲಿ ಹೊರಬಿದ್ದ ನಾಣ್ಯದ ಮೇಲೂ 1862 ಎಂದೇ ಇರುತ್ತದೆ.

ಬೊಂಬಾಯಿ ಟಂಕಸಾಲೆಯವರು ಮಾತ್ರ ಅಚ್ಚಿನಲ್ಲಿ ಚುಕ್ಕೆಗಳನ್ನು ಸೇರಿಸಿದರು. ಅವು ಇಸವಿಯ ಕೆಳಗೆ, ಕೆಲವು ನಾಣ್ಯಗಳಲ್ಲಿ ‘ಒನ್’ ಎಂಬ ಪದದ ಮೇಲುಗಡೆಯೂ ಇರುತ್ತವೆ. ಅವು ಎಷ್ಟಿವೆ, ಎಲ್ಲಿವೆ ಎಂಬುದನ್ನು ನೋಡಿ ನಾಣ್ಯ ಅಚ್ಚಾದ ವರ್ಷವನ್ನು ಗುರುತಿಸುವುದು ಸಂಗ್ರಾಹಕರ ರೂಢಿ. ಮೇಲಿನ ಎಣಿಕೆಯನ್ನು ಮೊದಲು, ಕೆಳಗಿನದನ್ನು ಆಮೇಲೆ ಬರೆದುಕೊಳ್ಳುವ ಪದ್ಧತಿಯೂ ಇದೆ: ಮೇಲೆ ಏನೂ ಇಲ್ಲದೆ ಕೆಳಗೆ ನಾಲ್ಕು ಚುಕ್ಕೆಗಳಿದ್ದರೆ 0/4. ಕೊಳೆಗೂ ಚುಕ್ಕೆಗೂ ಇರುವ ವ್ಯತ್ಯಾಸವನ್ನು ತಿಳಿಯುವುದು ಕಷ್ಟವಲ್ಲ. ಕಿಟಕಿಯ ಬಳಿ ನಾಣ್ಯವನ್ನು ಓರೆಯಾಗಿ ಹಿಡಿದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ, ಅಚ್ಚಿನಿಂದ ಬಂದ ಚುಕ್ಕೆ ಅಕ್ಷರಗಳಂತೆಯೇ ಉಬ್ಬಿದ್ದು ಒಂದು ಮಗ್ಗುಲಿಗೆ ತನ್ನದೇ ಸಣ್ಣ ನೆರಳನ್ನು ಬೀಳಿಸುತ್ತದೆ.

ಚುಕ್ಕೆಗಳ ನಂತರ ಉಳಿದ ಭಾಗಗಳನ್ನೂ ನೋಡಿ. ಮೊಗದ ಬದಿಯಲ್ಲಿ ರಾಣಿಯ ಉಡುಪಿನ ಎದೆಯ ಪಟ್ಟಿ ಮನೆಮನೆಗಳಾಗಿ ಭಾಗವಾಗಿದೆ: ಒಂದು ಬಗೆಯಲ್ಲಿ ನಾಲ್ಕು ಮನೆಗಳಿದ್ದರೆ, ಇನ್ನೊಂದರಲ್ಲಿ ನಾಲ್ಕನೆಯದು ಪೂರ್ತಿಯಾಗಿಲ್ಲ. ಹಿಂಬದಿಯ ಬಳ್ಳಿಯ ತುದಿಯಲ್ಲಿರುವ ಹೂವಿನ ಬುಡದ ಎರಡು ದಳಗಳು ಒಂದು ಅಚ್ಚಿನಲ್ಲಿ ಉದ್ದವಾಗಿ ಕೆಳಕ್ಕೆ ಬಾಗಿವೆ, ಇನ್ನೊಂದರಲ್ಲಿ ಗಿಡ್ಡವಾಗಿ ಅಡ್ಡಕ್ಕೆ ಚಾಚಿವೆ. ಎರಡು ಮೊಗ, ಎರಡು ಹಿಂಬದಿ, ಜೊತೆಗೆ ಚುಕ್ಕೆಗಳ ಎಣಿಕೆ ಸೇರಿದಾಗ ನಿಮ್ಮ ಹನ್ನೊಂದರಲ್ಲಿಯೇ ಐದಾರು ಬಗೆಗಳು ಸಿಕ್ಕರೂ ನನಗೆ ಆಶ್ಚರ್ಯವಾಗದು. ಸಂತೆಯಲ್ಲಿ ಹೊಸದನ್ನು ಹುಡುಕುವುದಕ್ಕಿಂತ ಮನೆಯ ಡಬ್ಬಿಯನ್ನು ಹೀಗೆ ವಿಂಗಡಿಸುವುದೇ ಹೆಚ್ಚು ರುಚಿಯ ಕೆಲಸವೆಂದು ನನ್ನ ಅಭಿಪ್ರಾಯ.

ನಕಲಿಯ ಶಂಕೆಗೆ ಮೊದಲ ಪರೀಕ್ಷೆ ತಕ್ಕಡಿ. ಅಸಲಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗಬೇಕು, ಅದರ ಹನ್ನೆರಡು ಭಾಗಗಳಲ್ಲಿ ಹನ್ನೊಂದು ಬೆಳ್ಳಿ. ಬಳಕೆಯಲ್ಲಿ ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗುವುದು ಸಹಜ. ಸವೆತದಿಂದ ಒಂದೆರಡು ಚುಕ್ಕೆಗಳು ಅಳಿಸಿಹೋಗಿರಲೂಬಹುದು. ಆದಕಾರಣ ಮಾಸಿದ ನಾಣ್ಯದಲ್ಲಿ ಮೂರನ್ನು ಎಣಿಸಿ ಅಪರೂಪದ್ದೆಂದು ನಿರ್ಧರಿಸಬೇಡಿ. ಸರಕ್ಕಾಗಿ ಕೊಂಡಿ ಬೆಸೆದು ತೆಗೆದ ಗುರುತು ಅಂಚಿನಲ್ಲಿದ್ದರೆ, ಅಥವಾ ಹುಣಸೆಹಣ್ಣಿನಿಂದ ಬೆಳಗಿದ್ದರೆ, ಸಂಗ್ರಾಹಕರು ಕೊಡುವ ಬೆಲೆ ಇಳಿಯುತ್ತದೆ. ಪೂಜೆಯ ಅರಿಸಿನ ಕುಂಕುಮ ಅಂಟಿದ್ದರೆ ಬರಿಯ ನೀರಿನಲ್ಲಿ ತೊಳೆದು, ಒರೆಸದೆ ಬಟ್ಟೆಯ ಮೇಲಿಟ್ಟು ಆರಿಸಿದರೆ ಸಾಕು.

ಪ್ರಶ್ನೆ: ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗಿರುವ ಚುಕ್ಕೆಗೂ ಇದೇ ಅರ್ಥವೇ? (ಅದೇ ಓದುಗರು)

ಉತ್ತರ: ಅಲ್ಲ, ಅದು ಊರಿನ ಗುರುತು. ದುಂಡು ಚುಕ್ಕೆ ನೋಯ್ಡಾದ್ದು, ನಕ್ಷತ್ರ ಹೈದರಾಬಾದಿನದು, ವಜ್ರಾಕೃತಿ ಮುಂಬಯಿಯದು. ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇಲ್ಲ.